ಅಂಟು ತುಂಬಿದ ಪೋರ್ಟು

ಮುದುಕನಿಗೆ ಮರೆವು, ಬಾಯಿಗೆ ಬಂದದ್ದು ಹೇಳುತ್ತಾನೆ ಎಂದು ಹಲ್ಲು ಕಿರಿಯುವವರು ಫೋನಿಗೆ ಕಳಿಸಿದ ಈ ಧ್ವನಿಯನ್ನು ಇಲ್ಲಿಗೇ ನಿಲ್ಲಿಸಿಬಿಡಿ, ನನಗೇನೂ ನಷ್ಟವಿಲ್ಲ. ಹೋದ ಸಲದ ಕಥೆಯಲ್ಲಿ ನಾಯಿಯ ಬಣ್ಣ ತಪ್ಪಾಯಿತು, ಒಪ್ಪಿದೆ. ನಾಯಿ ನನ್ನದಲ್ಲವಲ್ಲ! ಆದರೆ ಗಂಟಣ್ಣನ ಕಥೆಯಲ್ಲಿ ಒಂದು ವೈರೂ ಅತ್ತಿತ್ತ ಆಗುವುದಿಲ್ಲ. ಅವನೇ ನನ್ನೆದುರು ಕೂತು, ಲೋಟದ ಟೀ ಕೆನೆಗಟ್ಟುವ ತನಕ ಹೇಳಿದ್ದು. ತೆಪ್ಪಗೆ ಕೇಳಿ.

ಗಂಟಣ್ಣನದು ಕಚೇರಿಗಳಲ್ಲಿ ಕಂಪ್ಯೂಟರ್ ಜೋಡಿಸುವ ಕೆಲಸ. ಅವನ ಕೈಗೆ ಸಿಕ್ಕ ವೈರು ಮತ್ತೆ ಬೆಳಕು ಕಾಣುತ್ತಿರಲಿಲ್ಲ. ಮೇಜಿನ ಹಿಂದೆ ಬಿದ್ದು ಹೊರಳಾಡುವ ಕೇಬಲ್ಲುಗಳನ್ನೆಲ್ಲ ಜಡೆ ಹೆಣೆದಂತೆ ಸೇರಿಸಿ, ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿದು, ಗೋಡೆಗೆ ಒತ್ತಿಬಿಡುವನು. ಹಾಗೆ ಬಿಗಿದೂ ಬಿಗಿದೂ ಗಂಟಣ್ಣನಾದ. ಕಡೆಯಲ್ಲಿ ಇನ್ನೊಂದು ಕೆಲಸವಿತ್ತು. ಕಂಡಕಂಡವರು ಏನನ್ನೋ ತಂದು ಚುಚ್ಚಿ ಕಚೇರಿಯ ಗುಟ್ಟು ಹೊತ್ತೊಯ್ಯಬಾರದೆಂದು, ಕಂಪ್ಯೂಟರ್ ಪೆಟ್ಟಿಗೆಯಲ್ಲಿ ವೈರು ಚುಚ್ಚುವ ತೂತು, ಅದೇ ಪೋರ್ಟು, ಖಾಲಿ ಉಳಿದವಕ್ಕೆಲ್ಲ ಬಿಸಿ ಅಂಟು ತುಂಬುವುದು. ಖಾಲಿ ಕಂಡರೆ ಮುಚ್ಚು. ಕೈಗೆ ಅದೇ ರೂಢಿಯಾಗಿತ್ತು.

ಅವನಿಗೆ ತನ್ನವರು ಅಂತ ಇದ್ದವಳು ತಂಗಿ ಒಬ್ಬಳೇ. ನರ್ಸು. ಚಿಕ್ಕಂದಿನಲ್ಲಿ ಅಪ್ಪ ಅಮ್ಮ ಕೆಲಸದಿಂದ ಬರುವ ತನಕ ಇಬ್ಬರೂ ನೆಲದ ಮೇಲೆ ಕೂತು, ಕೈಯಲ್ಲಿ ಒಂದೊಂದು ಕಂಟ್ರೋಲರ್ ಹಿಡಿದು, ಒಂದೇ ಪರದೆಯಲ್ಲಿ ಕಾರ್ ರೇಸ್ ಆಡುತ್ತಿದ್ದರು. ತಿರುವು ಬಂದಾಗ ಅವಳು ಕಾರಿನ ಜೊತೆ ತಾನೂ ವಾಲಿ ಇವನ ಹೆಗಲಿಗೆ ಗುದ್ದುವಳು. ಹೆತ್ತವರು ಹೋದ ಮೇಲೆ ಅವಳು ಬೇರೆ ಊರಿನ ಆಸ್ಪತ್ರೆ ಸೇರಿದಳು, ಇವನು ಇಲ್ಲಿ ಉಳಿದ. ಮನೆಯಲ್ಲಿ ಇವನ ಜೊತೆ ಮಾತಾಡುತ್ತಿದ್ದದ್ದು ಫ್ರಿಜ್ಜಿನ ಮೋಟಾರು. ಅದೂ ಆಗಾಗ ಮುನಿಸಿಕೊಳ್ಳುತ್ತಿತ್ತು.

ಹೀಗಿರುವಾಗ ಅವಳಿಗೆ ಇವನ ಊರಿಗೇ ವರ್ಗವಾಯಿತು. ಆಸ್ಪತ್ರೆಯವರು ಹಾಸ್ಟೆಲಿನಲ್ಲಿ ಕೋಣೆ ಕೊಡುತ್ತೇವೆ ಎಂದಿದ್ದರು. "ಹಾಸ್ಟೆಲ್ಲೋ ನಿನ್ ಮನೇನೋ, ಬಂದು ನೋಡಿ ಹೇಳ್ತೀನಿ," ಎಂದು ಫೋನಿನಲ್ಲಿ ಅಂದಳು. ಇವನು "ಬಾ" ಎಂದ. "ಇಲ್ಲೇ ಇದ್ದುಬಿಡು" ಎಂದು ಮಾತ್ರ ಅನ್ನಲಿಲ್ಲ. ಅಂಥ ಮಾತಾಡಿ ಅಭ್ಯಾಸ ತಪ್ಪಿತ್ತು.

ಮಾತಾಡಲು ಬಾರದವನು ಕೆಲಸಕ್ಕೆ ಇಳಿದ. ಒಳಕೋಣೆಯ ಸಾಮಾನು ಎತ್ತಿ ಹಾಕಿ, ಹೊಸ ಹಾಸಿಗೆ ತಂದು, ಕಿಟಕಿಗೆ ಪರದೆ ಕಟ್ಟಿದ. ಅವಳು ಮೆಚ್ಚಲಿ ಎಂದು ಕಂಪ್ಯೂಟರಿಗೂ ಹೊಸ ಪೆಟ್ಟಿಗೆ ತಂದ. ಪೋರ್ಟು ಪೆಟ್ಟಿಗೆಯ ನೆತ್ತಿಯ ಮೇಲಿದ್ದರೆ ವೈರು ಮೇಜಿನ ಹಲಗೆಗೆ ತಾಗಿ ಕತ್ತು ಮುರಿದುಕೊಳ್ಳುತ್ತದೆಂದು, ಮುಂದುಗಡೆ ಎರಡು ಪೋರ್ಟು ಇರುವುದನ್ನೇ ಹುಡುಕಿ ಆರಿಸಿದ. ಒಂದಕ್ಕೆ ತನ್ನ ಆಟದ ಕಂಟ್ರೋಲರ್ ಚುಚ್ಚಿದ. ಹಿಂದಿನ ವೈರುಗಳನ್ನೆಲ್ಲ ಬಿಗಿದ. ಆಮೇಲೆ, ಅವಳಿಗೆ ಏನು ಅಡುಗೆ ಮಾಡಲಿ ಎಂದು ಯೋಚಿಸುತ್ತಲೇ ಅಂಟಿನ ಗನ್ನು ಹಿಡಿದು, ಖಾಲಿ ಇದ್ದದ್ದನ್ನೆಲ್ಲ ಮುಚ್ಚಿದ. ಮುಂದಿನ ಆ ಇನ್ನೊಂದನ್ನೂ.

ಅವಳು ಮಧ್ಯಾಹ್ನ ಬಂದಳು.

"ಇದೇನೋ, ಮನೇನ ಆಪರೇಷನ್ ಥಿಯೇಟರ್ ಥರ ಇಟ್ಟಿದೀಯ! ರೋಗಿ ಎಲ್ಲಿ?"

"ನಾನೇ."

ಅವಳು ನಕ್ಕಳು. ಗೋಡೆಗಳಿಗೆ ಆ ಸದ್ದು ಹೊಸತು. ಒಳಕೋಣೆಗೆ ಹೋಗಿ ಮಂಚದ ಮೇಲೆ ಕೂತು ನೋಡಿದಳು. ಅಡುಗೆಮನೆಯಲ್ಲಿದ್ದ ಇವನು ಮಂಚ ಕಿರ್ ಅಂದದ್ದು ಕೇಳಿ, ಅರ್ಧ ಒಪ್ಪಿದ ಹಾಗೇ ಅಂದುಕೊಂಡ.

ಊಟವಾದ ಮೇಲೆ ಅವಳು ಚೀಲದಿಂದ ತನ್ನದೇ ಕಂಟ್ರೋಲರ್ ಹೊರತೆಗೆದಳು. ಇಷ್ಟು ವರ್ಷ ಇಟ್ಟುಕೊಂಡಿದ್ದಳು!

"ಬಾರೋ ಅಣ್ಣ, ಮಣ್ಣು ಮುಕ್ಕಿಸ್ತೀನಿ ಇವತ್ತು."

"ಮೊದ್ಲು ಗುದ್ದೋದು ಬಿಡು, ಮೋಸಗಾತಿ."

ಅವಳು ಬಗ್ಗಿ ವೈರು ಚುಚ್ಚಲು ನೋಡಿದಳು. ಹೋಗಲಿಲ್ಲ. ಉಗುರಿನಿಂದ ಕೆರೆದಳು.

"ಇದ್ರಲ್ಲಿ ಏನೋ ತುಂಬ್ಕೊಂಡಿದೆ."

"ಅಂಟು."

"ಯಾರು ಹಾಕಿದ್ದು?"

"ನಾನೇ. ಖಾಲಿ ಇತ್ತಲ್ಲ."

"ಖಾಲಿ ಇತ್ತಾ," ಎಂದಳು.

ಇವನು "ತಡಿ ತಡಿ, ಮೌಸ್ ಕಿತ್ತು ಅಲ್ಲಿಗೆ ಇದನ್ನ ಹಾಕೋಣ," ಎಂದು ಮೇಜಿನ ಕೆಳಗೆ ನುಗ್ಗಿದ. ಮೌಸಿನ ವೈರು ಎಳೆದರೆ ಇಡೀ ಜಡೆಯೇ ಬಂತು. ಪರದೆ ಕಪ್ಪಾಯಿತು.

"ಕರೆಂಟ್ ವೈರೂ ಅದ್ರಲ್ಲೇ ಕಟ್ಟಿದೀಯಾ?"

"ಎಲ್ಲಾ ಒಟ್ಟಿಗಿದ್ರೆ ಚೆಂದ ಅಂತ."

"ಚೆಂದಾನೇ ಇದೆ. ಬಿಡು, ಈಚೆ ಬಾ, ಸೊಂಟ ಹಿಡ್ಕೊಂಡೀತು."

ಅವಳು ವೈರನ್ನು ಕಂಟ್ರೋಲರಿಗೆ ಸುತ್ತಿ ಚೀಲಕ್ಕೆ ಹಾಕುವುದು ಅವನಿಗೆ ಮೇಜಿನ ಕಾಲುಗಳ ನಡುವಿನಿಂದ ಕಂಡಿತು. ಈಗ ಹೇಳಬೇಕು, ಈಗಲೇ, ಎಂದು ತನಗೆ ತಾನೇ ಹೇಳಿಕೊಂಡ. ತೆವಳಿಕೊಂಡು ಈಚೆ ಬಂದು, "ಟೀ ಮಾಡ್ಲಾ?" ಎಂದ.

"ಬೇಡ ಕಣೋ, ಬಸ್ಸಿಗೆ ಹೊತ್ತಾಯ್ತು." ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ಅವನ ಮುಖ ನೋಡದೆ ಅಂದಳು: "ಹಾಸ್ಟೆಲ್ಲೇ ವಾಸಿ ಅನ್ಸುತ್ತೆ. ಆಸ್ಪತ್ರೆ ಪಕ್ಕದಲ್ಲೇ ಇದೆ. ನಿಂಗೂ ಒಬ್ನೇ ಇದ್ದು ರೂಢಿ ಆಗೋಗಿದೆ. ನಡುವೆ ನಾನ್ಯಾಕೆ?"

ಹಾಸ್ಟೆಲ್ ಬೇಡ ಅನ್ನಲಿ ಎಂದೇ ಒಂದು ಗಳಿಗೆ ನಿಂತಳು. ಬಡ್ಡಿಮಗ, "ನಿಂಗೆ ಹೇಗೆ ಅನುಕೂಲವೋ ಹಾಗೆ," ಎಂದ.

ಅವಳು ಹೋದ ಮೇಲೆ ಅವನು ಕಟರ್ ತಂದು ಪಟ್ಟಿಗಳನ್ನೆಲ್ಲ ಕಚಕಚ ಕತ್ತರಿಸಿದ. ಕೇಬಲ್ಲುಗಳು ನೆಲದ ತುಂಬ ಹರಡಿಕೊಂಡವು. ಪೋರ್ಟಿಗೆ ಸ್ಪಿರಿಟ್ ಬಿಟ್ಟು, ಅಂಟನ್ನು ಪಿನ್ನಿನಿಂದ ಚೂರುಚೂರೇ ಬಿಡಿಸಿದ. ಕರೆಂಟ್ ವೈರು ಮತ್ತೆ ಸಿಕ್ಕಿಸಿ, ತನ್ನ ಕಂಟ್ರೋಲರನ್ನು ಅಲ್ಲಿಗೆ ಚುಚ್ಚಿದಾಗ ಅದರ ದೀಪ ಹತ್ತಿತು. ಅಂಟು ಮೆತ್ತಿದ ಕೈಯಲ್ಲೇ ಅವಳಿಗೆ ಫೋನ್ ಮಾಡಿದ.

"ಬಿಡಿಸ್ದೆ ಕಣೇ. ಈಗ ಎರಡೂ ನಡೀತಿದೆ."

"ಹೌದಾ? ಒಳ್ಳೇದಾಯ್ತು. ಹಾಸ್ಟೆಲ್‌ಗೆ ಹೂಂ ಅಂದ್ಬಿಟ್ಟೆ ಅಣ್ಣ. ಇಡ್ತೀನಿ, ಬಸ್ಸಲ್ಲಿ ಗಲಾಟೆ."

ಈಗ ಇಬ್ಬರೂ ಒಂದೇ ಊರಿನಲ್ಲಿದ್ದಾರೆ. ಅವಳು ಯಾವಾಗಲೋ ಒಮ್ಮೆ ಬಂದು, ಕುರ್ಚಿಯ ಅಂಚಿನಲ್ಲಿ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾಳೆ. ಕಂಟ್ರೋಲರ್ ಮತ್ತೆ ತಂದಿಲ್ಲ, ಅವನು ಕೇಳಿಲ್ಲ. ಒಳಕೋಣೆಯ ಹಾಸಿಗೆಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಅವನಿನ್ನೂ ತೆಗೆದಿಲ್ಲ.

ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ಗೊತ್ತಿದ್ದವರಿಗೆಲ್ಲ ಕಳಿಸಿ. ಅವರು ಇನ್ನೊಬ್ಬರಿಗೆ ಕಳಿಸಲಿ. ಹಾಗೇ ಕೈ ದಾಟುತ್ತ ಎಲ್ಲಾದರೊಂದು ನರ್ಸುಗಳ ಹಾಸ್ಟೆಲ್ಲು ಮುಟ್ಟಲಿ. ಕೇಳಿಸ್ತೇನಮ್ಮ? ಆ ಕೋಣೆ ನಿನಗೆ ಅಂತಲೇ ಮಾಡಿದ್ದು. ಅವನಿಗೆ ಹೇಳಲು ಬರಲಿಲ್ಲ, ಅಷ್ಟೇ. ಕಳಿಸ್ರಪ್ಪ, ಮರೀಬೇಡಿ.