ಸೊಕ್ಕಿನ ಹಸು

ನಮ್ಮ ಹಸುವಿಗೆ ಸೊಕ್ಕು ಬಂದಿದೆ ಎಂದು ಮೊದಲು ಹೇಳಿದವರು ಅತ್ತೆ. ಹಗಲೆಲ್ಲ ಬಯಲಿನಲ್ಲಿ ತನ್ನ ಪಾಡಿಗೆ ಓಡಾಡಿಕೊಂಡಿದ್ದು, ಸಂಜೆ ಕೊಟ್ಟಿಗೆಯ ಬಾಗಿಲಿಗೆ ಬಂದರೆ ನಾಲ್ಕೂ ಕಾಲು ಊರಿ ನಿಂತುಬಿಡುತ್ತಿತ್ತು. ಎಳೆದರೆ ಹೋಗಿ ಕಂಬಕ್ಕೇ ಗುದ್ದುತ್ತಿತ್ತು. ಒಂದು ದಿನ ನೀರಿನ ಬಕೆಟ್ಟಿನ ಜೊತೆ ಅತ್ತೆಯನ್ನೂ ಬೀಳಿಸಿತು.

"ಕೊಬ್ಬಿ ಕಣ್ಣೇ ಕಾಣ್ತಿಲ್ಲ ಇದಕ್ಕೆ! ಮೊದಲು ಮಾರಿಬಿಡಿ," ಎಂದರು ಸೊಂಟ ಹಿಡಿದುಕೊಂಡು.

"ಬಸುರಿ ಕಣಮ್ಮ ಅದು," ಎಂದರು ನನ್ನ ಗಂಡ.

"ನಾನೂ ನಿನ್ನ ಹೊತ್ತಿದ್ದೆ ಕಣೋ. ಯಾರನ್ನಾದ್ರೂ ಗುದ್ದಿದ್ನಾ?"

"ಅಪ್ಪ ಇದ್ದಿದ್ರೆ ಕೇಳ್ಬಹುದಿತ್ತು."

ಅತ್ತೆ ನಗಲಿಲ್ಲ. ಕೊಳ್ಳುವವನೊಬ್ಬನಿಗೆ ಹೇಳಿಕಳಿಸಿಯೇಬಿಟ್ಟರು. ತಾಯಿ ಸತ್ತ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ನಾನೇ ಸಾಕಿದ ಹಸು ಅದು.

ಅವನು ಬರುವ ಮೊದಲೇ ದನದ ಡಾಕ್ಟರಮ್ಮನನ್ನು ಕರೆಸಿದೆ. ಕೊಬ್ಬಿ ಕಣ್ಣು ಕಾಣ್ತಿಲ್ಲ ಎಂದು ಅತ್ತೆ ಅವರಿಗೂ ದೂರು ಹೇಳಿದರು. ಡಾಕ್ಟರಮ್ಮ ಮಬ್ಬಾಗುವವರೆಗೂ ಕಾದು, ಹಸು ಬರುವ ದಾರಿಯಲ್ಲಿ ಒಂದು ಬುಟ್ಟಿ ಬೋರಲು ಹಾಕಿದರು. ಹಸು ನೇರವಾಗಿ ಬಂದು ಅದನ್ನೇ ಎಡವಿತು.

"ಅಜ್ಜಿ, ನೀವು ಹೇಳಿದ್ದು ಸರಿ. ಇದಕ್ಕೆ ನಿಜವಾಗ್ಲೂ ಕಣ್ಣು ಕಾಣ್ತಿಲ್ಲ. ಇರುಳುಗುರುಡು. ಏನು ಹಾಕ್ತಿದೀರ?"

"ಒಣಹುಲ್ಲು. ಬಯಲು ಒಣಗಿ ಎಷ್ಟೋ ತಿಂಗಳಾಯ್ತು. ಹೊಟ್ಟೆ ತುಂಬಾನೇ ಹಾಕಿದೀವಮ್ಮ, ಉಪವಾಸ ಕೆಡವಿಲ್ಲ!"

"ಹೊಟ್ಟೆ ತುಂಬಿದೆ ಅಜ್ಜಿ. ಆದ್ರೆ ವಿಟಮಿನ್ ಎ ಸಿಗೋದು ಹಸಿರು ಮೇವಿಂದ. ಹಳೇ ಒಣಹುಲ್ಲಲ್ಲಿ ಏನೂ ಉಳಿದಿರಲ್ಲ. ಮೈಯಲ್ಲಿ ಕೂಡಿಟ್ಟುಕೊಂಡಿದ್ದೂ ಮುಗಿದಿದೆ. ಹೀಗೇ ಬಿಟ್ರೆ ಕರುನೂ ಕುರುಡಾಗಿ ಹುಟ್ಟಬಹುದು."

ಇಂಜೆಕ್ಷನ್ ಕೊಟ್ಟು, ಹಸಿರು ತಪ್ಪಿಸಬೇಡಿ ಎಂದು ಹೇಳಿ ಹೋದರು.

ಆಮೇಲೆ ನಾನು ತರಕಾರಿ ಅಂಗಡಿಯ ಕೆಲಸ ಮುಗಿಸಿ ಬರುವಾಗಲೆಲ್ಲ ಕ್ಯಾರೆಟ್ ಸೊಪ್ಪು, ಕೋಸಿನ ಹೊರಗಿನ ಹಸಿರೆಲೆ ಚೀಲದಲ್ಲಿ ತುರುಕಿಕೊಂಡು ಬಂದೆ. ಬಸ್ಸಿನಲ್ಲಿ ಜನ ಮೂಗು ಮುರಿದರು. ಅತ್ತೆ ಕೊಟ್ಟಿಗೆಯ ಬಾಗಿಲಿಗೆ ಲೈಟು ಹಾಕಿಸಿದರು. ಹಸುವಿನ ಜೊತೆ ಮಾತ್ರ ಮಾತು ಬಿಟ್ಟಿದ್ದರು. ಕೊಳ್ಳುವವನಿಗೆ ಬರಬೇಡ ಎಂದೂ ಹೇಳಲಿಲ್ಲ.

ಅವನು ಬಂದದ್ದು ಮಟಮಟ ಮಧ್ಯಾಹ್ನ. ಬಿಸಿಲಿನಲ್ಲಿ ಹಸು ಲಕ್ಷಣವಾಗಿ ನಿಂತಿತ್ತು. ಅವನು ಬೆನ್ನು ಸವರಿ, ಹಲ್ಲು ನೋಡಿ, ಹಗ್ಗ ಬಿಚ್ಚಿಕೊಂಡ. ನಾನು ಅತ್ತೆಯ ಮುಖ ನೋಡಿದೆ.

"ನಿಮ್ಮಲ್ಲಿ ಮೇವು ಹೇಗಪ್ಪಾ?" ಎಂದರು ಅತ್ತೆ.

"ಅದಕ್ಕೇನಮ್ಮ ಯೋಚ್ನೆ! ಸೂರು ಮುಟ್ಟೋ ಹಾಗೆ ಒಣಹುಲ್ಲು ಒಟ್ಟಿದೀನಿ."

"ಹಸಿರು?"

"ಈ ಬಿಸಿಲಲ್ಲಿ ಹಸಿರಾ?" ಅವನು ಜೋರಾಗಿ ನಕ್ಕ.

ಅತ್ತೆ ಅವನ ಕೈಯಿಂದ ಹಗ್ಗ ತೆಗೆದುಕೊಂಡರು.

"ನೀರು ಕುಡಿದು ಹೊರಡಪ್ಪ. ಇದನ್ನ ಕೊಡಲ್ಲ." ನನ್ನ ಕಡೆ ತಿರುಗಿ ಗದರಿದರು: "ಏನು ನೋಡ್ತಾ ನಿಂತಿದೀಯೇ? ನೆರಳಿಗೆ ಕಟ್ಟು."