ಲಿಫ್ಟ್ ಅಕ್ಕನ ಪ್ರಬಂಧ

ಅವಳ ಪ್ರಬಂಧಕ್ಕೆ ಮೂವತ್ತಕ್ಕೆ ಒಂಬತ್ತು ಅಂಕ ಬಂದಿತ್ತು. ಪರೀಕ್ಷೆಗೆ ಕೂರಲು ಹನ್ನೆರಡು ಬೇಕಿತ್ತು.

ವಿಷಯ ‘ಪಾಶ್ಚಾತ್ಯ ಚಿಂತನೆಯ ಮೂಲ ವಿಚಾರಗಳು’. ಪದವಿಗೆ ಅವಳಿಗೆ ಉಳಿದಿದ್ದ ಕೊನೆಯ ಪತ್ರಿಕೆ ಅದು. ಹಿಂದೆ ಎರಡು ಸಲ ಫೇಲಾಗಿದ್ದಳು. ಮೂರನೆಯ ಸಲವೂ ಆದರೆ ವಿಶ್ವವಿದ್ಯಾಲಯದ ನಿಯಮದಂತೆ ದಾಖಲಾತಿಯೇ ರದ್ದು. ಆರು ವರ್ಷ ಬೆಳಗಿನ ಏಳೂವರೆಯ ತರಗತಿಗೆ ಬಂದು, ಹತ್ತೂವರೆಗೆ ಕೆಲಸಕ್ಕೆ ಓಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಆಗುತ್ತಿತ್ತು.

ಅವಳಿಗೆ ಮೂವತ್ತೆಂಟು ವರ್ಷ, ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತರ ಆಸುಪಾಸಿನ ಸಹಪಾಠಿಗಳು ‘ಲಿಫ್ಟ್ ಅಕ್ಕ’ ಎಂದು ಕರೆಯುತ್ತಿದ್ದರು. ಕಾಲೇಜಿನ ಲಿಫ್ಟ್ ಕೆಟ್ಟಾಗಲೆಲ್ಲ ತಪ್ಪು ಅವಳದೇ ಎಂಬಂತೆ ನೋಡುತ್ತಿದ್ದರು.

ಪ್ರಬಂಧದ ಪ್ರಶ್ನೆ ಸರಳವಾಗಿತ್ತು. ಸಂದೇಹಪಡಬಹುದಾದ ಎಲ್ಲವನ್ನೂ ಸಂದೇಹಪಡುತ್ತೇನೆಂದು ಹೊರಟ ಚಿಂತಕನೊಬ್ಬ ಕೊನೆಗೆ ಏನನ್ನು ಉಳಿಸಿಕೊಂಡ? ಚರ್ಚಿಸಿ. ಉಳಿದವರು ನಾಲ್ಕೈದು ಪುಟ ತುಂಬಿಸಿದ್ದರು. ಅವಳು ಹದಿನೆಂಟು ವರ್ಷದಿಂದ ಬರೆದು ಅಭ್ಯಾಸವಾಗಿದ್ದ ರೀತಿಯಲ್ಲೇ, ರಿಪೇರಿ ವರದಿಯಂತೆ ಬರೆದಿದ್ದಳು. ದೂರು: ಕಣ್ಣು, ಕಿವಿ ಮೋಸ ಮಾಡುತ್ತವೆ, ಕನಸೋ ನನಸೋ ತಿಳಿಯದು. ತಪಾಸಣೆ: ಎಲ್ಲವನ್ನೂ ಸಂದೇಹಿಸಲಾಯಿತು. ಉಳಿದದ್ದು: ಸಂದೇಹಪಡುತ್ತಿರುವ ನಾನು. ಒಟ್ಟು ಒಂಬತ್ತು ಸಾಲು. ಕೆಳಗೆ ‘ಪರೀಕ್ಷಿಸಿದೆ, ಸರಿಯಿದೆ’ ಎಂದು ಸಹಿ.

ಸೋಮವಾರ ಪ್ರಾಧ್ಯಾಪಕಿ ಅವಳನ್ನು ತಮ್ಮ ಕೋಣೆಗೆ ಕರೆದರು. ಕಪಾಟಿನಲ್ಲಿ ಜಾಗ ಸಾಲದೆ ಪುಸ್ತಕಗಳು ಕಿಟಕಿಯ ಕಟ್ಟೆಗೂ ಏರಿದ್ದವು.

“ಚಿಕ್ಕದಾಗಿ ಬರೆದಿದ್ದಕ್ಕೆ ಅಂಕ ಕತ್ತರಿಸಿಲ್ಲ,” ಎಂದು ಅವರು ಕೊನೆಯ ಸಾಲಿನ ಮೇಲೆ ಪೆನ್ನಿಟ್ಟರು. “ಪರೀಕ್ಷಿಸಿದೆ ಅಂತ ಸಹಿ ಹಾಕಿದ್ದೀರಲ್ಲ. ಪರೀಕ್ಷಿಸಿದ್ರಾ?”

ಅವಳ ಮುಖ ಬಿಸಿಯಾಯಿತು. ಮುಟ್ಟಿ ನೋಡದ ಲಿಫ್ಟಿಗೆ ಅವಳು ಇದುವರೆಗೆ ಸಹಿ ಹಾಕಿರಲಿಲ್ಲ. ಹಾಗೆ ಹಾಕಿದವನೊಬ್ಬ ಕೆಲಸ ಕಳೆದುಕೊಂಡಿದ್ದನ್ನು ಕಣ್ಣಾರೆ ಕಂಡಿದ್ದಳು.

“ಇಲ್ಲ ಮೇಡಂ. ನೀವು ಹೇಳಿದ ನೋಟ್ಸನ್ನೇ ಇಳಿಸಿದೆ.”

“ನಾನು ಹೇಳಿದ್ದು ಸರಿ ಅಂತ ಯಾರು ಹೇಳಿದ್ದು? ಗುರುವಾರ ಒಂಬತ್ತೂವರೆ ತನಕ ಟೈಮಿದೆ. ಪರೀಕ್ಷಿಸಿ ಬರೀರಿ. ನಿಮಗೇನನ್ಸುತ್ತೆ ಅನ್ನೋದು ಬೇಕು ನನಗೆ.”

ಹೊರಗೆ ಬಂದವಳಿಗೆ ಬಸ್‌ಸ್ಟಾಪಿನವರೆಗೂ ಆ ಕೊನೆಯ ಮಾತೇ ಕಿವಿಯಲ್ಲಿತ್ತು. ಲಿಫ್ಟಿಗೇನಾಗಿದೆ ಎಂದು ದಿನಕ್ಕೆ ಹತ್ತು ಜನ ಕೇಳುತ್ತಿದ್ದರು. ನಿನಗೇನನ್ನಿಸುತ್ತದೆ ಎಂದು ಕೇಳಿದವರ ಮುಖ ಅವಳಿಗೆ ನೆನಪಾಗಲಿಲ್ಲ.

ಮನೆಯಲ್ಲಿದ್ದದ್ದು ಅವಳು ಮತ್ತು ಚಿಕ್ಕಪ್ಪ. ಕೆಲಸ ಕಲಿಸಿದವನೂ ಅವನೇ. ನಿವೃತ್ತನಾಗಿ ಏಳು ವರ್ಷವಾಗಿತ್ತು. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಅಂದು ಸಂಜೆ ಆರಕ್ಕೆ ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿ ಕೂತ ಅವಳನ್ನು ನೋಡಿ, ಟೀ ಸೋಸುತ್ತಲೇ ಶುರು ಮಾಡಿದ.

“ಏನಂತೆ ನಿನ್ನ ಆಸಾಮಿ? ಇನ್ನೂ ಸಂದೇಹದಲ್ಲೇ ಇದ್ದಾನಾ?”

“ಎಲ್ಲಾನೂ ಸಂದೇಹ ಪಟ್ನಂತೆ. ಸಂದೇಹ ಪಡ್ತಿರೋ ತಾನು ಮಾತ್ರ ಉಳಿದ್ನಂತೆ.”

“ಅಂತೆ ಅಂತೆ! ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಹಾಗೆ ಬರ್ಕೊಂಡು ಬಂದೆಯಾ?”

“ಹಾಗೇ ಬರೆದಿದ್ದಕ್ಕೇ ಒಂಬತ್ತು ಬಂತು, ಸುಮ್ನಿರು ಚಿಕ್ಕಪ್ಪ.”

ಅವನು ಎದುರಿಗೆ ಕೂತ. “ಸರಿ, ನಿಂಗೆ ಮೊದಲ ದಿನ ಏನು ಹೇಳ್ಕೊಟ್ಟೆ? ಲೈನ್ ಸತ್ತಿದೆಯಾ ಅಂತ ನೋಡೋದು ಹೇಗೆ?”

“ಮೂರು ಸಲ. ಕರೆಂಟಿದೆ ಅಂತ ಗೊತ್ತಿರೋ ಕಡೆ ಟೆಸ್ಟರ್ ಇಟ್ಟು ನೋಡು, ಅದು ಉರೀಬೇಕು. ಆಮೇಲೆ ಕೆಲಸ ಮಾಡೋ ಲೈನಿಗಿಡು, ಉರೀಬಾರದು. ಆಮೇಲೆ ವಾಪಸ್ ಮೊದಲಿನ ಕಡೆಗೇ ಹೋಗಿ ನೋಡು.”

“ಮೂರನೇದು ಯಾಕೆ?”

“ಮಧ್ಯದಲ್ಲಿ ಟೆಸ್ಟರೇ ಕೆಟ್ಟಿದ್ರೆ?”

ಚಿಕ್ಕಪ್ಪ ಬಲಗೈಯನ್ನು ಮೇಜಿನ ಮೇಲಿಟ್ಟ. ಈ ಕಥೆ ಅವಳಿಗೆ ಅರ್ಧ ಗೊತ್ತಿತ್ತು. ಅವನು ಪೂರ್ತಿ ಹೇಳಿದ್ದು ಅಂದೇ. ಕೆಳಗೆ ಟೆಸ್ಟರ್ ಸರಿಯಿತ್ತು. ಏಳು ಮಹಡಿ ಹತ್ತುವಾಗ ಕೈಜಾರಿ ಬಿತ್ತು. ಒಳಗಿನ ತಂತಿ ಕಿತ್ತುಹೋಗಿದ್ದು ಗೊತ್ತಾಗಲಿಲ್ಲ. ಮೇಲೆ ಲೈನಿಗೆ ಇಟ್ಟರೆ ದೀಪ ಉರಿಯಲಿಲ್ಲ. ಮೂರನೇ ಸಲ ನೋಡಲು ಸೋಮಾರಿತನ. ಮುಟ್ಟಿದ.

“ಆ ಕ್ಷಣ ನಾನು ಏನೂ ಯೋಚನೆ ಮಾಡ್ತಿರ್ಲಿಲ್ಲ ಕಣಮ್ಮ. ಸಂದೇಹಾನೂ ಇಲ್ಲ, ಗಿಂದೇಹಾನೂ ಇಲ್ಲ. ನೋವೊಂದೇ ಇತ್ತು. ಆದ್ರೂ ನಾನಿದ್ದೆನಲ್ಲ! ನಿನ್ನ ಆಸಾಮಿ ಅದಕ್ಕೇನಂತಾನೆ?”

ಅವಳು ಪೆನ್ನು ತೆಗೆದುಕೊಂಡಳು.

ಬುಧವಾರ ಸಂಜೆಯ ಹೊತ್ತಿಗೆ ಎಂಟು ಪುಟವಾಗಿತ್ತು. ಚಿಂತಕನ ಸಂದೇಹ ಒಂದು ಟೆಸ್ಟರ್ ಎಂದು ಬರೆದಳು. ಕಣ್ಣು, ಕಿವಿ, ಕೊನೆಗೆ ಗಣಿತದ ಲೆಕ್ಕವನ್ನೂ ಅದರಿಂದ ಪರೀಕ್ಷಿಸಿದ. ಆದರೆ ತಾನಿದ್ದೇನೆ ಎಂಬಲ್ಲಿಂದ ಉಳಿದ ಜಗತ್ತಿಗೆ ಹತ್ತಿದ ಮೆಟ್ಟಿಲುಗಳಲ್ಲಿ ಆ ಟೆಸ್ಟರ್ ಎಲ್ಲೂ ಬೀಳಲಿಲ್ಲವೆಂದು ಖಚಿತಪಡಿಸಿಕೊಳ್ಳಲು ವಾಪಸ್ ಬಂದನೇ? ಅದಕ್ಕೆ ಉತ್ತರ ತನಗೆ ಸಿಗಲಿಲ್ಲ ಎಂದು ಬರೆದಳು. ನಾಲ್ಕನೆಯ ಪುಟದಲ್ಲಿ ಸುಟ್ಟ ಕೈಯ ಮಾತು ಬಂತು. ಕೊನೆಯ ಸಾಲು: ‘ಪೂರ್ತಿ ಪರೀಕ್ಷಿಸಲು ಆಗಲಿಲ್ಲ.’ ಹೀಗೆ ಮುಗಿಸಿದರೆ ಪಾಸಾಗುತ್ತೇನೋ ಇಲ್ಲವೋ ಗೊತ್ತಿರಲಿಲ್ಲ. ಸುಳ್ಳು ಸಹಿ ಮಾತ್ರ ಇನ್ನೊಮ್ಮೆ ಬೇಡವೆನಿಸಿತು.

ಗುರುವಾರ ಪ್ರಾಧ್ಯಾಪಕಿ ಅವಳನ್ನು ಕೂರಿಸಿಕೊಂಡೇ ಓದಿದರು. ಇಪ್ಪತ್ತೈದು ನಿಮಿಷ. ಎರಡು ಕಡೆ “ಇದನ್ನ ನಾನು ಒಪ್ಪಲ್ಲ” ಎಂದರು, ಯಾಕೆ ಎಂದು ಅವಳು ಕೇಳಿದಳು, ಅವರು ಹೇಳಿದರು, ಒಂದನ್ನು ಅವಳು ಒಪ್ಪಿದಳು, ಇನ್ನೊಂದನ್ನು ಒಪ್ಪಲಿಲ್ಲ. ನಾಲ್ಕನೆಯ ಪುಟದಲ್ಲಿ ಅವರ ಪೆನ್ನು ನಿಂತಿತು.

“ಈ ಪ್ಯಾರಾ ನಿಮ್ಮದಲ್ಲ ಅಲ್ವಾ? ನಾನು ತರಗತೀಲಿ ಹೇಳಿಲ್ಲ. ಎಲ್ಲಿಂದ ತಗೊಂಡ್ರಿ?”

ಅವರು ನಕಲು ಎಂದು ಬರೆದರೆ ಅಲ್ಲಿಗೆ ಕಥೆ ಮುಗಿದಂತೆ.

“ನಮ್ಮ ಚಿಕ್ಕಪ್ಪ ಹೇಳಿದ್ದು ಮೇಡಂ. ಅವರು ಏಳನೇ ಕ್ಲಾಸು. ಅಳಿಸಿಬಿಡಲಾ?”

“ಅಳಿಸೋದ್ಯಾಕೆ? ಇದೇ ವಾದ ಮಾಡಿದ ದೊಡ್ಡ ದೊಡ್ಡ ಪಂಡಿತರಿದ್ದಾರೆ. ಬೇರೆಯವರ ವಿಚಾರ ಬಳಸಿದ್ರೆ ಅದು ಯಾರದು ಅಂತ ಅಡಿಟಿಪ್ಪಣೀಲಿ ಹೇಳ್ಬೇಕು. ಅದು ಇಲ್ಲಿಯ ಪದ್ಧತಿ. ಪಂಡಿತರಿಗೂ ಅದೇ, ಚಿಕ್ಕಪ್ಪನಿಗೂ ಅದೇ.” ಅವರು ಹಾಳೆಯ ಮೇಲೆ ಹತ್ತೊಂಬತ್ತು ಎಂದು ಬರೆದು, ತಮ್ಮ ಪೆನ್ನನ್ನು ಅವಳತ್ತ ಚಾಚಿದರು. “ಈಗಲೇ ಹಾಕಿ.”

ಧನ್ಯವಾದ ಎಂದು ಹೇಳಬೇಕೆನಿಸಿತು, ಹೇಳದೆ ಪೆನ್ನು ತೆಗೆದುಕೊಂಡಳು. ಇಪ್ಪತ್ತು ವರ್ಷದ ಹಿಂದೆ ಅಪ್ಪ ಅಮ್ಮ ಇಬ್ಬರೂ ಹೋದಮೇಲೆ ಕೈಹಿಡಿದು ಕೆಲಸ ಕಲಿಸಿದ ಚಿಕ್ಕಪ್ಪನಿಗೂ ಅವಳು ಆ ಮಾತನ್ನು ಹೇಳಿರಲಿಲ್ಲ. ಹೇಳುವ ಪದ್ಧತಿ ಆ ಮನೆಯಲ್ಲಿ ಇರಲೇ ಇಲ್ಲ. ಅವಳು ನಾಲ್ಕನೆಯ ಪುಟದ ಅಡಿಯಲ್ಲಿ ಗೆರೆ ಎಳೆದು, ಸಣ್ಣ ಅಕ್ಷರದಲ್ಲಿ ಬರೆದಳು:

‘೧. ಈ ವಿಚಾರ ನನ್ನ ಚಿಕ್ಕಪ್ಪನದು. ಲಿಫ್ಟ್ ಮೆಕ್ಯಾನಿಕ್, ಮೂವತ್ತೊಂದು ವರ್ಷ ಸೇವೆ. ಈ ಸೋಮವಾರ ಸಂಜೆ, ನಮ್ಮ ಅಡುಗೆಮನೆಯಲ್ಲಿ ಹೇಳಿದ್ದು. ನನಗೆ ಗೊತ್ತಿರುವ ಕೆಲಸವೂ ಅವರಿಂದ ಬಂದದ್ದು.’