ಇಪ್ಪತ್ತನೆಯ ಸಾಲು

ಟಿಕ್ ಎಂದು ಒಂದೇ ಒಂದು ಸಲ ಸದ್ದಾಯಿತು. ರಾತ್ರಿ ಹನ್ನೊಂದೂವರೆ ದಾಟಿತ್ತು. ಸರೋಜ ಕುರ್ಚಿಯಲ್ಲೇ ತಿರುಗಿ ಪ್ರಿಂಟರಿನ ಕಡೆ ನೋಡಿದಳು. ಅಚ್ಚು ಹಾಕಲು ಅವಳು ಅದಕ್ಕೆ ಇನ್ನೂ ಏನನ್ನೂ ಕಳಿಸಿರಲಿಲ್ಲ.

ಸಾಗರದ ಪೇಟೆಯಲ್ಲಿ ಬಟ್ಟೆ ಅಂಗಡಿಯ ಮಹಡಿಯಲ್ಲಿದ್ದ ತರಬೇತಿ ಕಚೇರಿಗೆ ಕಂಪ್ಯೂಟರ್ ಬಂದದ್ದು ಎಂಬತ್ತೆಂಟರಲ್ಲಿ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಓದಿಯೂ ಕೆಲಸವಿಲ್ಲದ ಇಪ್ಪತ್ತು ಜನರಿಗೆ ಆರು ತಿಂಗಳ ತರಬೇತಿ. ಆಮೇಲೆ ಸಹಕಾರ ಸಂಘಗಳಲ್ಲಿ ಕೆಲಸ ಖಾತ್ರಿ. ಮುನ್ನೂರು ಅರ್ಜಿ ಬಂದಿದ್ದವು. ಅವನ್ನೆಲ್ಲ ಕಂಪ್ಯೂಟರಿಗೆ ತುಂಬಿ, ಅಂಕದ ಪ್ರಕಾರ ಇಪ್ಪತ್ತು ಹೆಸರು ತೆಗೆದು ಬೆಳಿಗ್ಗೆ ಒಪ್ಪಿಸುವುದು ಸರೋಜಳ ಕೆಲಸ. ಹಗಲು ಕರೆಂಟಿನ ನೆಚ್ಚಿಕೆಯಿಲ್ಲದ್ದರಿಂದ ರಾತ್ರಿ ಕೂತಿದ್ದಳು. ಜೊತೆಗೆ ತಮ್ಮ ಚಂದ್ರಯ್ಯ ಬಂದಿದ್ದ. ಬಿ.ಕಾಂ. ಮುಗಿಸಿ ಮೂರು ವರ್ಷದಿಂದ ಮನೆಯಲ್ಲಿದ್ದ ಅವನೂ ಅರ್ಜಿ ಹಾಕಿದ್ದ.

“ಇನ್ನೂ ಆಗ್ಲಿಲ್ವಾ ಅಕ್ಕಾ? ನಿನ್ನ ಪೆಟ್ಟಿಗೆಗೂ ಒಂದು ಲೋಟ ಚಾ ಕುಡ್ಸಿ ನೋಡು,” ಎಂದ, ಬೆಂಚಿನ ಮೇಲೆ ಮಲಗಿದ್ದಲ್ಲಿಂದಲೇ.

“ಸುಮ್ನೆ ಮಲ್ಕ. ಈಗ ಆಗ್ತದೆ.”

ಇಪ್ಪತ್ತನೆಯ ಹೆಸರು ಅವನದೆಂದು ಅವಳಿಗೆ ಗೊತ್ತಿತ್ತು. ಹೇಗೆ ಅವನದಾಯಿತೆಂದೂ ಗೊತ್ತಿತ್ತು. ಜಟ್ಟಿಂಗಪ್ಪ ಎಂಬ ಹುಡುಗನಿಗೆ ಚಂದ್ರಯ್ಯನಿಗಿಂತ ಎರಡು ಅಂಕ ಹೆಚ್ಚು. ಆದರೆ ಊರು ಎಂಬಲ್ಲಿ ಅವನು ಹಲಸಿನಕೊಡ್ಲು ಎಂದು ಬರೆದಿದ್ದ. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ನೀರಿನಡಿ ಹೋದ ಊರು. ಮುಳುಗಡೆಯವರು ಹಾಗೆಯೇ. ಆ ಊರನ್ನು ಕಣ್ಣಲ್ಲೂ ಕಾಣದ ಮಕ್ಕಳು ಕೂಡ, ನಿಮ್ಮದು ಯಾವೂರು ಅಂದರೆ ಅದನ್ನೇ ಹೇಳುತ್ತಾರೆ. ಕಂಪ್ಯೂಟರಿನ ಊರುಗಳ ಪಟ್ಟಿಯಲ್ಲಿ ಅದಕ್ಕೆ ನಂಬರಿರಲಿಲ್ಲ; ನಂಬರಿಲ್ಲದ ಅರ್ಜಿಯನ್ನು ಅದು ತೆಗೆದುಕೊಳ್ಳುತ್ತಿರಲಿಲ್ಲ. ಲಕೋಟೆಯ ಮೇಲೆ ನಿಟ್ಟೂರಿನ ವಿಳಾಸವಿತ್ತು. ಆ ನಂಬರು ಹಾಕಿದ್ದರೆ ಸಾಕಿತ್ತು. ಸರೋಜ ಹಾಕಲಿಲ್ಲ. ಅರ್ಜಿಯನ್ನು ಮಡಿಸಿ ಮನೆಗೆ ಒಯ್ದು ಟ್ರಂಕಿನಲ್ಲಿ ಸೀರೆಗಳ ಅಡಿ ಇಟ್ಟಿದ್ದಳು.

ಪರದೆಯ ಮೇಲೆ ಇಪ್ಪತ್ತನೆಯ ಸಾಲಿನಲ್ಲಿ ಚಂದ್ರಯ್ಯನ ಹೆಸರು ಸರಿಯಾಗಿಯೇ ಇತ್ತು. ಅವಳು ಅಚ್ಚಿಗೆ ಕೊಟ್ಟಳು. ಕಾಗದದ ಮೇಲೆ ಬಂದದ್ದು ಬೇರೆ: ಜಟ್ಟಿಂಗಪ್ಪ. ತಂದೆ ಬೆಳ್ಳಪ್ಪ. ಹಲಸಿನಕೊಡ್ಲು.

ಆ ಹೆಸರನ್ನು ಅವಳು ಒಂದು ಸಲವೂ ಟೈಪ್ ಮಾಡಿರಲಿಲ್ಲ. ತುಂಬಿದ ಅರ್ಜಿಗಳಲ್ಲೆಲ್ಲ ಹುಡುಕಿಸಿದಳು. ಇಲ್ಲ ಎಂದಿತು ಕಂಪ್ಯೂಟರ್. ಪರದೆಯಲ್ಲಿ ಈಗಲೂ ಚಂದ್ರಯ್ಯನೇ. ಮತ್ತೆ ಅಚ್ಚು ಹಾಕಿದಳು. ಮತ್ತೆ ಜಟ್ಟಿಂಗಪ್ಪ.

ಮೂರನೆಯ ಸಲ ಪ್ರಿಂಟರ್ ಇಪ್ಪತ್ತಕ್ಕೆ ನಿಲ್ಲಲಿಲ್ಲ. ಇಪ್ಪತ್ತೊಂದು, ಹುಲಿಯಮ್ಮ, ಹಲಸಿನಕೊಡ್ಲು. ಇಪ್ಪತ್ತೆರಡು, ಕನ್ನಪ್ಪ, ಹಲಸಿನಕೊಡ್ಲು. ಗಂಡ, ಹೆಂಡತಿ, ಮಕ್ಕಳು, ಒಂದು ಮನೆ ಮುಗಿದ ಮೇಲೆ ಪಕ್ಕದ ಮನೆ. ಅಂಕದ ಜಾಗ ಖಾಲಿ. ಕಾಗದ ಮೇಜಿನಿಂದ ಇಳಿದು ಅವಳ ಕಾಲ ಬಳಿ ಮಡಿಕೆ ಮಡಿಕೆಯಾಗಿ ಬೀಳತೊಡಗಿತು. ಅವಳು ಪ್ಲಗ್ ಕಿತ್ತಳು. ಆಮೇಲೂ ಅದು ನಾಲ್ಕು ಹೆಸರು ಬರೆದು ನಿಂತಿತು.

ಚಂದ್ರಯ್ಯ ಎದ್ದು ಕೂತಿದ್ದ. “ಎಷ್ಟುದ್ದ ಪಟ್ಟಿ ಮಾರಾಯ್ತಿ. ಊರಿಗೂರಿಗೇ ಕೆಲಸ ಕೊಡ್ತೀರಾ?”

ಸರೋಜ ಇಪ್ಪತ್ತನೆಯ ಸಾಲಿನ ಕೆಳಗೆ ಹರಿದು, ಉಳಿದದ್ದನ್ನು ಉಂಡೆ ಮಾಡಿ ಚೀಲಕ್ಕೆ ತುರುಕಿದಳು. ಮೂಲೆಯಲ್ಲಿ ಹಳೆಯ ಟೈಪ್‌ರೈಟರ್ ಇತ್ತು. ಕೂತರೆ ಹತ್ತು ನಿಮಿಷದಲ್ಲಿ ತಮ್ಮನ ಹೆಸರಿನದೇ ಇನ್ನೊಂದು ಪಟ್ಟಿ ಆಗುತ್ತಿತ್ತು. ಬಹಳ ಹೊತ್ತು ಅದನ್ನೇ ನೋಡಿದಳು. ಮುಚ್ಚಳ ತೆಗೆಯುವ ಧೈರ್ಯ ಬರಲಿಲ್ಲ.

ಬೆಳಿಗ್ಗೆ ತರಬೇತಿ ಅಧಿಕಾರಿ ಗಣೇಶಮೂರ್ತಿ ಪಟ್ಟಿಯ ಮೇಲೆ ಬೆರಳಾಡಿಸಿದರು. “ನಿಮ್ಮ ತಮ್ಮಂದು ಇಲ್ವಲ್ಲಮ್ಮ?”

“ಎರಡು ಅಂಕ ಕಮ್ಮಿ ಸಾರ್.”

ಮೆಟ್ಟಿಲ ಕೆಳಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಚಂದ್ರಯ್ಯ ನಿಂತಿದ್ದ. ಅವಳ ಮುಖ ನೋಡಿಯೇ ತಿಳಿದುಕೊಂಡ.

“ಹೊಸ ಯಂತ್ರ ಅಲ್ವಾ,” ಎಂದ. “ಲೆಕ್ಕ ತಪ್ಪಿರಬೌದಾ ಅಕ್ಕಾ?”

“ಇಲ್ಲ.”

ಅವನು ಸೈಕಲ್ ತಳ್ಳಿಕೊಂಡು ಪಕ್ಕದಲ್ಲೇ ನಡೆದ. ರಾತ್ರಿಯದನ್ನು ಹೇಳಹೊರಟರೆ ಟ್ರಂಕಿನಲ್ಲಿ ಅರ್ಜಿ ಬಚ್ಚಿಟ್ಟದ್ದರಿಂದ ಶುರುಮಾಡಬೇಕಿತ್ತು. ಮನೆ ತಿರುವು ಬರುವಷ್ಟರಲ್ಲಿ ಸರೋಜ ನಿರ್ಧರಿಸಿಯಾಗಿತ್ತು: ಇವನಿಗಿಲ್ಲ, ಅಮ್ಮನಿಗಿಲ್ಲ, ಯಾರಿಗೂ ಹೇಳುವುದಿಲ್ಲ.